ಒತ್ತಿದರೆ ಯಾರು ಬರ್ತಾರೆ?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಒಂದು ಆ್ಯಪ್ ಮಾಡಿದ್ದೆವು. ಒಂಟಿಯಾಗಿರುವ ಹಿರಿಯರು ತೊಂದರೆಯಾದಾಗ ಪರದೆ ಮೇಲಿನ ಕೆಂಪು ಗುಂಡಿ ಒತ್ತಿದರೆ, ಹತ್ತಿರದ ಸ್ವಯಂಸೇವಕರ ಮೊಬೈಲ್‌ಗೆ ಲೊಕೇಶನ್ ಸಮೇತ ಸಂದೇಶ ಹೋಗುತ್ತದೆ. ಕಾಲೇಜಿನಲ್ಲಿ ಡೆಮೊ ಚೆನ್ನಾಗಿಯೇ ಆಯಿತು. ಅದೇ ಹುಮ್ಮಸ್ಸಿನಲ್ಲಿ ಊರಿಗೆ ಬಂದವನು ನಮ್ಮ ಬೀದಿಯ ಅಜ್ಜಿಗೂ ತೋರಿಸಿದೆ.

ನಮ್ಮೂರು ಮದ್ದೂರಿನ ಶಿವಪುರ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಜಾಗ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಅಂದು ಮೈಸೂರು ಸಂಸ್ಥಾನದ ನಾನಾ ಕಡೆಯಿಂದ ಜನ ಇಲ್ಲಿಗೆ ಬಂದಿದ್ದರಂತೆ. ಈಗ ನಮ್ಮ ಕಡೆಯ ಹುಡುಗರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ರಾತ್ರಿ ವಾಪಸ್ ಬರುತ್ತಾರೆ, ಕೆಲವರು ಅಲ್ಲೇ ಮನೆ ಮಾಡಿಬಿಡುತ್ತಾರೆ. ಅಜ್ಜಿಯ ಮಗ ಅಲ್ಲೇ ಉಳಿದವರು. ಮಗಳನ್ನು ಮಳವಳ್ಳಿ ಕಡೆ ಕೊಟ್ಟಿದ್ದಾರೆ. ಮನೆಯಲ್ಲಿ ಇದ್ದದ್ದು ಅಜ್ಜಿ, ಒಂದು ಹಸು, ಒಂದು ಕೀಪ್ಯಾಡ್ ಫೋನ್.

ನನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ ಅಜ್ಜಿ ಕೇಳಿದರು: ‘ಇದ್ನ ಒತ್ತುದ್ರೆ ಯಾರ್ಲಾ ಬತ್ತರೆ?’

‘ವಾಲಂಟಿಯರ್ಸ್ ಬರ್ತಾರೆ ಅಜ್ಜಿ.’

‘ಅಂಗಂದ್ರೆ ಯಾರು? ನೀನ್ ಬತ್ತೀಯಾ?’

ನಾನಿರುವುದು ಹಾಸ್ಟೆಲ್‌ನಲ್ಲಿ. ನಕ್ಕು ಸುಮ್ಮನಾದೆ.

ಎರಡು ತಿಂಗಳ ನಂತರ ಒಂದು ರಾತ್ರಿ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದರು. ಫೋನ್ ನಡುಮನೆಯಲ್ಲಿ ಚಾರ್ಜ್‌ಗೆ ಹಾಕಿತ್ತು. ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದವರು ‘ಅಜ್ಜಿ ಹಾಲು ಬರ್ಲಿಲ್ವಲ್ಲ’ ಎಂದು ಒಬ್ಬ ಹುಡುಗನನ್ನು ಮನೆಗೆ ಕಳಿಸಿದ್ದರಿಂದ ವಿಷಯ ಗೊತ್ತಾಯಿತು. ಸೊಂಟದ ಮೂಳೆ ಮುರಿದಿತ್ತು. ಇಡೀ ರಾತ್ರಿ ಒದ್ದೆ ನೆಲದ ಮೇಲೆ ಬಿದ್ದಿದ್ದರು.

ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕೆಂಪು ಗುಂಡಿ. ಅಜ್ಜಿಯ ಬಳಿ ಸ್ಮಾರ್ಟ್‌ಫೋನ್ ಇದ್ದಿದ್ದರೂ ಆ ರಾತ್ರಿ ಅದು ಕೈಗೆ ಸಿಗುತ್ತಿರಲಿಲ್ಲ. ನಾವು ಒತ್ತಲು ಶಕ್ತಿ ಇರುವವರಿಗಾಗಿ ಆ್ಯಪ್ ಮಾಡಿದ್ದೆವು. ನಿಜವಾಗಿ ಕಷ್ಟದಲ್ಲಿರುವವರಿಗೆ ಎಷ್ಟೋ ಸಲ ಒತ್ತಲು ಆಗುವುದೇ ಇಲ್ಲ.

ಕಂಪ್ಯೂಟರ್ ಪಾಠದಲ್ಲಿ ‘ಹಾರ್ಟ್‌ಬೀಟ್’ ಎಂಬ ವಿಧಾನ ಬರುತ್ತದೆ. ಒಂದು ಸರ್ವರ್ ಆಗಾಗ ‘ನಾನಿದ್ದೇನೆ’ ಎಂಬ ಸಣ್ಣ ಸಂಕೇತ ಕಳಿಸುತ್ತಿರುತ್ತದೆ. ಅದು ನಿಂತರೆ ಏನೋ ಕೆಟ್ಟಿದೆ ಎಂದರ್ಥ. ಕೆಟ್ಟುಹೋದ ಯಂತ್ರ ತಾನಾಗಿ ದೂರು ಕೊಡಲಿ ಎಂದು ಯಾರೂ ಕಾಯುವುದಿಲ್ಲ. ಪರೀಕ್ಷೆಗೆ ಓದಿ ಬರೆದಿದ್ದ ನನಗೆ ಅದು ಅರ್ಥವಾದದ್ದು ಅಜ್ಜಿಯ ಹಾಲಿನ ಕ್ಯಾನಿನಿಂದ.

ಹಾಗೆಂದು ಸಹಾಯವಾಣಿಗಳು ಬೇಡವೆಂದಲ್ಲ. ಹಿರಿಯ ನಾಗರಿಕರಿಗಾಗಿ ದೇಶದಾದ್ಯಂತ 14567 ಎಂಬ ‘ಎಲ್ಡರ್ ಲೈನ್’ ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಕರೆ ಮಾಡಬಹುದು. ಪಿಂಚಣಿ, ಕಾನೂನಿನ ಮಾಹಿತಿ ಕೊಡುತ್ತಾರೆ; ಮನೆಯವರೇ ಹಿಂಸೆ ಕೊಡುತ್ತಿದ್ದರೆ ನೆರವಿಗೆ ಬರುತ್ತಾರೆ. ಮನಸ್ಸಿನ ಸಂಕಟಕ್ಕೆ 14416, ಅಂದರೆ 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’. ಇದಕ್ಕೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು. ಈ ಎರಡಕ್ಕೂ ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನ್ ಸಾಕು. ಬಿದ್ದು ಪೆಟ್ಟಾದಂಥ ತುರ್ತಿಗೆ 108 ಇದ್ದೇ ಇದೆ. ಆದರೆ ಇವೆಲ್ಲಕ್ಕೂ ಮೊದಲು ಯಾರಾದರೂ ಕರೆ ಮಾಡಬೇಕು.

ಕರೆಯದಿದ್ದರೂ ಹೋಗಿ ನೋಡಬೇಕು ಎಂಬುದು ಸರ್ಕಾರಕ್ಕೂ ಹೊಳೆಯದ ವಿಚಾರವೇನಲ್ಲ. ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಗೆ 2007ರಲ್ಲಿ ಬಂದ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳನ್ನು ಓದಿದೆ. ಒಂಟಿ ಹಿರಿಯರ ಪಟ್ಟಿ ಪೊಲೀಸ್ ಠಾಣೆಯಲ್ಲಿರಬೇಕು, ತಿಂಗಳಿಗೊಮ್ಮೆಯಾದರೂ ಠಾಣೆಯವರು, ಸಾಧ್ಯವಾದರೆ ಒಬ್ಬ ಸ್ವಯಂಸೇವಕರ ಜೊತೆ, ಮನೆಗೆ ಹೋಗಿ ಬರಬೇಕು ಎಂದು ಅದರಲ್ಲಿದೆ. ಆ ಸ್ವಯಂಸೇವಕರ ಜಾಗಕ್ಕೆ ನಮ್ಮಂಥವರಲ್ಲದೆ ಇನ್ಯಾರು ಹೋಗಬೇಕು?

ಆಪರೇಷನ್ ಆಗಿ ಅಜ್ಜಿ ವಾಕರ್ ಹಿಡಿದು ಮನೆಗೆ ಬಂದರು. ಹಸು ಮಾರಿದರು. ಡೇರಿ ಲೆಕ್ಕದಿಂದ ಅವರ ಹೆಸರು ಹೋಯಿತು. ಹಾಲಿನ ಕ್ಯಾನ್ ಇಲ್ಲದ ಮೇಲೆ ಅವರು ಬರಲಿಲ್ಲವೆಂದು ಗಮನಿಸುವವರು ಯಾರು?

ಅದಕ್ಕೆ ಹಳೆಯ ಆ್ಯಪ್ ಬಿಟ್ಟು ಬೇರೆ ದಾರಿ ಹಿಡಿದೆವು. ಪ್ರತಿ ಸಂಜೆ ಏಳಕ್ಕೆ ಅಜ್ಜಿ ಒಂದು ನಂಬರ್‌ಗೆ ಮಿಸ್ಡ್ ಕಾಲ್ ಕೊಡಬೇಕು. ನನ್ನ ಹಳೆಯ ಫೋನಿನಲ್ಲಿರುವ ಸಣ್ಣ ಪ್ರೋಗ್ರಾಂ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಏಳೂವರೆಗೂ ಬರದಿದ್ದರೆ ಊರಲ್ಲೇ ಇರುವ ನನ್ನ ಮೂವರು ಗೆಳೆಯರಿಗೆ ಮೆಸೇಜ್ ಹೋಗುತ್ತದೆ. ಅವರು ಫೋನ್ ಮಾಡುತ್ತಾರೆ, ಎತ್ತದಿದ್ದರೆ ಮನೆಗೆ ಹೋಗುತ್ತಾರೆ. ಈಗ ಆರು ಮನೆಗಳು ಇದರಲ್ಲಿವೆ. ಪ್ರೋಗ್ರಾಂ ಬರೆಯಲು ಬೇಕಾದದ್ದು ಒಂದು ಭಾನುವಾರ. ಮೂವರು ಗೆಳೆಯರಿಂದ ‘ತಪ್ಪದೆ ಹೋಗ್ತೀವಿ’ ಎಂಬ ಮಾತು ಪಡೆಯಲು ಒಂದು ತಿಂಗಳು ಹಿಡಿಯಿತು.

ನೀವೂ ಮಾಡಬಹುದು. ಪ್ರೋಗ್ರಾಂ ಬರದಿದ್ದರೆ ಒಂದು ನೋಟ್‌ಬುಕ್ ಸಾಕು. ಕೆಲಸ ಹುಡುಕುತ್ತಾ ಊರಲ್ಲೇ ಇರುವವರನ್ನು ನೋಡಿ ‘ಖಾಲಿ ಕೂತಿದ್ದಾನೆ’ ಎನ್ನುವವರಿದ್ದಾರೆ. ನಮ್ಮ ವ್ಯವಸ್ಥೆ ನಿಂತಿರುವುದೇ ಅಂಥ ಇಬ್ಬರ ಮೇಲೆ.

ಕಳೆದ ತಿಂಗಳು ಒಂದು ಶನಿವಾರ ಅಜ್ಜಿಯ ಕಾಲ್ ಬರಲಿಲ್ಲ. ನಾನೂ ಊರಲ್ಲಿದ್ದೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಇಬ್ಬರು ಓಡಿದೆವು. ಬಾಗಿಲು ತೆರೆದೇ ಇತ್ತು. ಅಜ್ಜಿ ಆರಾಮಾಗಿ ಧಾರಾವಾಹಿ ನೋಡುತ್ತಾ ಕೂತಿದ್ದರು, ಫೋನ್ ತೊಡೆ ಮೇಲೇ ಇತ್ತು.

‘ಯಾಕಜ್ಜಿ ಎತ್ಲಿಲ್ಲ?’ ಎಂದು ಏದುಸಿರು ಬಿಡುತ್ತಾ ಕೇಳಿದೆ.

‘ಬತ್ತೀರೋ ಇಲ್ವೋ ನೋಡವ ಅಂತ ಸುಮ್ಕಿದ್ದೆ ಕನ್ಲಾ. ಕೂತ್ಕಳಿ, ಕಾಫಿ ಕಾಯಿಸ್ತೀನಿ.’