ಹದಿಹರೆಯದ ಶೋಕ: ಒಂದು ಕಾದಂಬರಿಯ ಪರಿಚಯ

ಮನೆಯಲ್ಲಿ ಸಾವು ಸಂಭವಿಸಿದಾಗ ಬಂಧುಬಳಗದವರು ಬಂದು ಹಿರಿಯರಿಗೆ ಸಮಾಧಾನ ಹೇಳುತ್ತಾರೆ. ಎಳೆಯ ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಿ, ಏನನ್ನಾದರೂ ತೋರಿಸಿ ಮರೆಸುತ್ತಾರೆ. ಆದರೆ ಕಂಬಕ್ಕೆ ಒರಗಿ ಸುಮ್ಮನೆ ನಿಂತಿರುವ ೧೪ ವರ್ಷದ ಹುಡುಗನನ್ನು ವಿಚಾರಿಸುವವರು ಯಾರು? ಅಳುವುದಕ್ಕೆ ಅವನಿಗೆ ನಾಚಿಕೆ. ಅಳದೆ ಇರುವುದೂ ಅವನಿಂದಾಗದು. ಇಂಥವನ ಅಂತರಂಗವನ್ನು, ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗಿಯೊಬ್ಬಳು ಕಂಡು ಬರೆದ ಕಾದಂಬರಿಯೊಂದಿದೆ. ಅದೇ ಅಮೆರಿಕದ ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’, ಎಂದರೆ ‘ಹೊರಗಿನವರು’.

ಹಿಂಟನ್ ಹುಟ್ಟಿದ್ದು ೧೯೪೮ರಲ್ಲಿ, ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ. ಕಾದಂಬರಿಯನ್ನು ಆಕೆ ಬರೆಯತೊಡಗಿದಾಗ ವಯಸ್ಸು ೧೫. ಇನ್ನೂ ಪ್ರೌಢಶಾಲೆಯ ವಿದ್ಯಾರ್ಥಿನಿ. ಆ ದಿನಗಳಲ್ಲೇ ಆಕೆಯ ತಂದೆ ಮೆದುಳಿನ ಗೆಡ್ಡೆಯಿಂದ ಹಾಸಿಗೆ ಹಿಡಿದಿದ್ದರು. ೧೯೬೭ರಲ್ಲಿ ಪುಸ್ತಕ ಹೊರಬಂದಾಗ, ಹುಡುಗರ ಬೀದಿಜಗಳದ ಕಥೆಯನ್ನು ಹೆಣ್ಣು ಬರೆದಳೆಂದರೆ ವಿಮರ್ಶಕರು ಕಡೆಗಣಿಸಿಯಾರೆಂದು ಪ್ರಕಾಶಕರು ಹೆಸರಿನ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕಿಸಿದರು.

ಕಥೆಯ ಆರಂಭಕ್ಕೆ ಎಂಟು ತಿಂಗಳ ಹಿಂದೆಯೇ ದುರಂತವೊಂದು ನಡೆದುಹೋಗಿದೆ. ಮೋಟಾರು ಅಪಘಾತದಲ್ಲಿ ತಂದೆತಾಯಿಯರಿಬ್ಬರೂ ತೀರಿಕೊಂಡು, ಮೂವರು ಅಣ್ಣತಮ್ಮಂದಿರು ಉಳಿದಿದ್ದಾರೆ. ೨೦ ವರ್ಷದ ಡ್ಯಾರಿ ಕಾಲೇಜಿನ ಆಸೆ ಬಿಟ್ಟು, ಮನೆಗಳಿಗೆ ಚಾವಣಿ ಹೊದಿಸುವ ಕೂಲಿಗೆ ಹೋಗುತ್ತಾನೆ. ೧೬ರ ಸೋಡಪಾಪ್ ಓದು ನಿಲ್ಲಿಸಿ ಪೆಟ್ರೋಲ್ ಬಂಕು ಸೇರಿದ್ದಾನೆ. ೧೪ರ ಪೋನಿಬಾಯ್ ಕಥೆ ಹೇಳುವವನು. ಏನಾದರೂ ತಂಟೆಯಾದರೆ ಸರ್ಕಾರದವರು ಕಿರಿಯರಿಬ್ಬರನ್ನು ಬಾಲಕರ ಆಶ್ರಯಕ್ಕೆ ಒಯ್ಯಬಹುದೆಂಬ ಹೆದರಿಕೆ ಮನೆಯ ಮೇಲೆ ತೂಗುತ್ತಿದೆ.

ಮೂವರದೂ ಒಂದೇ ದುಃಖ. ಆದರೆ ಅದು ತೋರುವ ಬಗೆ ಮೂರು. ಹಿರಿಯವನಲ್ಲಿ ಗದರಿಕೆಯಾಗಿ, ನಡುವಣವನಲ್ಲಿ ನಗುವಾಗಿ, ಕಿರಿಯವನಲ್ಲಿ ಸಿನಿಮಾ ಮತ್ತು ಪುಸ್ತಕಗಳ ಹುಚ್ಚಾಗಿ ಅದು ಕಾಣಿಸುತ್ತದೆ. ಅಣ್ಣನಿಗೆ ತಾನು ಬೇಡವಾಗಿದ್ದೇನೆಂದು ಪೋನಿಬಾಯ್ ನಂಬಿದ್ದಾನೆ. ಮುಂದೊಂದು ದಿನ ಆಸ್ಪತ್ರೆಯಲ್ಲಿ ಆ ಅಣ್ಣ ಅಳುವುದನ್ನು ಕಂಡಾಗಲೇ ಅವನಿಗೆ ಅರಿವಾಗುವುದು: ಅಷ್ಟು ದಿನದ ಗದರಿಕೆಯೆಲ್ಲ, ಇನ್ನೊಬ್ಬನನ್ನೂ ಕಳೆದುಕೊಂಡೇನೆಂಬ ಭಯವೇ ಆಗಿತ್ತೆಂದು.

ಊರಿನ ಬಡ ಹುಡುಗರಿಗೂ ಸಿರಿವಂತ ಹುಡುಗರಿಗೂ ಹಗೆ. ಒಂದು ರಾತ್ರಿ ಸಿರಿವಂತರ ಗುಂಪು ಉದ್ಯಾನದ ಕಾರಂಜಿಯಲ್ಲಿ ಪೋನಿಬಾಯ್‌ಯನ್ನು ಮುಳುಗಿಸಿ ಹಿಡಿದಾಗ, ಅವನ ಗೆಳೆಯ, ೧೬ ವರ್ಷದ ಜಾನಿ, ಚಾಕುವಿನಿಂದ ಒಬ್ಬನನ್ನು ಇರಿದು ಕೊಲ್ಲುತ್ತಾನೆ. ಇಬ್ಬರೂ ಓಡಿಹೋಗಿ ಪಾಳು ಇಗರ್ಜಿಯೊಂದರಲ್ಲಿ ಅಡಗುತ್ತಾರೆ. ಅದಕ್ಕೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡ ಮಕ್ಕಳನ್ನು ಉಳಿಸಹೋದ ಜಾನಿಯ ಬೆನ್ನೆಲುಬು ಮುರಿಯುತ್ತದೆ. ಕೆಲವು ದಿನಗಳಲ್ಲಿ ಅವನು ಸಾಯುತ್ತಾನೆ.

ಗಮನಿಸಬೇಕಾದದ್ದು ಇದರ ಮುಂದಿನ ಭಾಗ. ಕಲ್ಲೆದೆಯವನೆನಿಸಿಕೊಂಡಿದ್ದ ಡ್ಯಾಲಿ ಈ ಸಾವನ್ನು ತಾಳಲಾರದೆ ಅಂಗಡಿಯೊಂದನ್ನು ದೋಚಿ, ಗುಂಡಿಲ್ಲದ ಪಿಸ್ತೂಲನ್ನು ಪೊಲೀಸರತ್ತ ಚಾಚಿ, ಅವರ ಗುಂಡಿಗೆ ತಾನಾಗಿಯೇ ಬಲಿಯಾಗುತ್ತಾನೆ. ಪೋನಿಬಾಯ್ ಜ್ವರದಿಂದ ಎದ್ದವನು, ಜಾನಿ ಸತ್ತೇ ಇಲ್ಲವೆಂದೂ ಕೊಂದವನು ತಾನೇ ಎಂದೂ ಹೇಳತೊಡಗುತ್ತಾನೆ. ಇದು ಸುಳ್ಳುಗಾರಿಕೆಯಲ್ಲ, ಹೊರಲಾರದ ಸತ್ಯವನ್ನು ಮನಸ್ಸು ಬಾಗಿಲಾಚೆ ನಿಲ್ಲಿಸುವ ಉಪಾಯ. ಶಾಲೆಯಲ್ಲಿ ಅಂಕಗಳು ಇಳಿಯುತ್ತವೆ, ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಸದಾ ನಗುತ್ತಿದ್ದ ಸೋಡಪಾಪ್, ಇಬ್ಬರ ನಡುವೆ ಸಿಕ್ಕಿ ತಾನು ನಲುಗಿದ್ದೇನೆಂದು ಅತ್ತುಬಿಡುತ್ತಾನೆ. ಆ ಅಳುವಿನಿಂದಲೇ ಮನೆ ಮತ್ತೆ ಒಂದುಗೂಡುತ್ತದೆ.

ಜಾನಿ ತನ್ನ ಕಡೆಯ ದಿನಗಳಲ್ಲಿ ಬರೆದ ಚೀಟಿಯೊಂದು ಪೋನಿಬಾಯ್‌ಗೆ ಪುಸ್ತಕದೊಳಗೆ ಸಿಗುತ್ತದೆ. ಮಕ್ಕಳ ಜೀವ ಉಳಿಸಿದ್ದು ಸಾರ್ಥಕವಾಯಿತು, ಲೋಕದಲ್ಲಿ ಒಳ್ಳೆಯದು ಇನ್ನೂ ಇದೆ ಎಂಬುದು ಅದರ ಭಾವ. ಶಾಲೆಯ ಉಪಾಧ್ಯಾಯರು ಬರೆದು ತರಲು ಹೇಳಿದ್ದ ಪ್ರಬಂಧಕ್ಕೆ ಆಗ ಅವನಿಗೆ ವಸ್ತು ದೊರೆಯುತ್ತದೆ. ನಾವು ಇಷ್ಟು ಹೊತ್ತು ಓದಿದ ಕಾದಂಬರಿಯೇ ಆ ಪ್ರಬಂಧ! ಕೊನೆಯ ವಾಕ್ಯ ಮೊದಲ ವಾಕ್ಯಕ್ಕೇ ಬಂದು ಸೇರುತ್ತದೆ. ಸತ್ತವರು ಮರಳುವುದಿಲ್ಲ, ಆದರೆ ಅವರ ಕಥೆಯನ್ನು ಮೊದಲಿನಿಂದ ಹೇಳಬಲ್ಲವನು, ಅವರು ಸತ್ತರೆಂಬುದನ್ನು ಒಪ್ಪಿಕೊಂಡವನೇ ಆಗಿರುತ್ತಾನೆ.

೧೯೮೩ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೋಲ ಇದನ್ನು ಚಲನಚಿತ್ರವಾಗಿಸಿದರು. ಹಾಗೆ ಮಾಡಬೇಕೆಂದು ಕ್ಯಾಲಿಫೋರ್ನಿಯಾದ ಶಾಲೆಯೊಂದರ ಗ್ರಂಥಪಾಲಕಿಯೂ ವಿದ್ಯಾರ್ಥಿಗಳೂ ಅವರಿಗೆ ಪತ್ರ ಬರೆದಿದ್ದರು. ಇದರ ಸಂಗೀತ ನಾಟಕರೂಪಕ್ಕೆ ೨೦೨೪ರಲ್ಲಿ ಟೋನಿ ಪ್ರಶಸ್ತಿ ಸಂದಿತು.

ನಿಮ್ಮ ಮನೆಯಲ್ಲಿ ಈ ವಯಸ್ಸಿನ ಮಕ್ಕಳಿದ್ದರೆ ಪುಸ್ತಕವನ್ನು ಅವರ ಕೈಗಿಡಿ. ಆಮೇಲೆ ನೀವೂ ಓದಿ. ನೋವುಂಡ ಹುಡುಗ ಎದುರುತ್ತರ ಕೊಟ್ಟಾಗ, ಊಟ ಬಿಟ್ಟಾಗ, ಕಾರಣವಿಲ್ಲದೆ ಕದ ಹಾಕಿಕೊಂಡಾಗ, ಅದನ್ನು ಉದ್ಧಟತನವೆಂದು ತೀರ್ಮಾನಿಸುವ ಮೊದಲು ಒಂದು ಗಳಿಗೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಮಾತು ಅವನೇ ಆರಂಭಿಸಿಯಾನು.