ಗಡಿ ಕಾಯೋದು ಅಂದ್ರೆ ಅರ್ಜಿ ಬರೆಯೋದು

ನಾನು ಓದಿದ್ದು ಇಂಜಿನಿಯರಿಂಗ್. ಸರ್ವೇ ಕ್ಲಾಸಿನಲ್ಲಿ ನಮಗೆ ಗಡಿ ಅಂದ್ರೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಳೆದ ಗೆರೆ. ಆಮೇಲೆ ಟಿವಿಗೆ ಬಂದೆ. ಇಲ್ಲಿ ಗಡಿ ಅಂದ್ರೆ ಬಸ್ಸಿಗೆ ಬಳಿದ ಮಸಿ, ಒಡೆದ ಗಾಜು, ಸ್ಕ್ರೀನಿನ ಎರಡೂ ಕಡೆ ಕೂಗಾಡೋ ಇಬ್ಬರು ಮುಖಂಡರು. ನಾನೂ ಆ ಕೂಗಾಟವನ್ನು ಎಷ್ಟೋ ರಾತ್ರಿ ನಡೆಸಿಕೊಟ್ಟಿದ್ದೀನಿ. ಅದು ಮುಗಿದ ಮೇಲೆ ಗಡಿಯಲ್ಲಿ ಇರೋರು ಮರುದಿನ ಬೆಳಗ್ಗೆ ಏನು ಮಾಡ್ತಾರೆ ಅಂತ ಒಂದು ದಿನವೂ ಕೇಳಲಿಲ್ಲ. ಇವತ್ತು ಅದನ್ನೇ ಕೇಳೋಣ.

ಅದಕ್ಕೆ ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಗೆ ಹೋಗಬೇಕು. ‘ಹಲಗೇರಿ ಎಲ್ಲಿ, ಗಡಿ ಎಲ್ಲಿ? ಅದು ಕರ್ನಾಟಕದ ನಟ್ಟನಡುವೆ ಇದೆಯಲ್ರೀ’ ಅಂತೀರಿ. ಈಗ ಇದೆ, ಸರಿ. 1956ಕ್ಕೆ ಮುಂಚೆ ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ತುಂಗಭದ್ರೆ ದಾಟಿದರೆ ಹರಿಹರ, ಅದು ಮೈಸೂರು. ಎರಡೂ ದಡದಲ್ಲಿ ಕನ್ನಡ. ಆದರೆ ಈ ದಡದ ರೈತನ ದೊಡ್ಡ ಕೋರ್ಟು ಮುಂಬಯಿಯಲ್ಲಿ, ಆ ದಡದವನದು ಬೆಂಗಳೂರಿನಲ್ಲಿ. ಅಂದ್ರೆ ಹಲಗೇರಿಯೂ ಒಂದು ಕಾಲಕ್ಕೆ ಗಡಿ ಸೀಮೆಯ ಊರೇ.

ಆ ಊರಿನವರು ಪಾಟೀಲ ಪುಟ್ಟಪ್ಪ. ನಮ್ಮೆಲ್ಲರ ಪಾಪು. ಬೆಳಗಾವಿಯಲ್ಲಿ ಕಾನೂನು ಓದಿದರು. ವಕೀಲಿಕೆಯನ್ನು ಜೀವನದ ದಾರಿ ಮಾಡಿಕೊಳ್ಳದೆ ಪತ್ರಿಕೆಗೆ ಬಂದರು, 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆ ಶುರುಮಾಡಿದರು. 1962ರಿಂದ 1974ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದರು. ಮುಂದೆ ಕನ್ನಡ ಕಾವಲು ಸಮಿತಿ ಮತ್ತು ಗಡಿ ಸಲಹಾ ಸಮಿತಿ ಎರಡಕ್ಕೂ ಮೊದಲ ಅಧ್ಯಕ್ಷರಾದರು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಐದು ದಶಕ ನಡೆಸಿ, 2020ರ ಮಾರ್ಚ್ 16ರಂದು ತೀರಿಕೊಂಡರು. ಕರಿ ಕೋಟು ಹಾಕದಿದ್ದರೇನು? ಹಿಡಿದ ಕೇಸು ಒಂದೇ, ಕಕ್ಷಿದಾರ ಕನ್ನಡ.

ಅವರಿಗಿಂತ ಹಿಂದಿನ ತಲೆಮಾರು ನೋಡಿ. ಏಕೀಕರಣದ ಮುಂದಾಳುಗಳಲ್ಲಿ ಎಷ್ಟು ಜನ ವಕೀಲರು! ಧಾರವಾಡದ ಆಲೂರು ವೆಂಕಟರಾಯರು, ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು, ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದ ನಿಜಲಿಂಗಪ್ಪನವರು. ಇದು ಯಾಕೆ ಹೀಗೆ? ರಾಜ್ಯ ಹರಿದು ಹಂಚಿಹೋದರೆ ಅದರ ನೋವು ಮೊದಲು ಬರೋದು ವಕೀಲರ ಕಟ್ಟೆಗೇ.

ಅಂಥ ಒಬ್ಬ ವಕೀಲರ ಒಂದು ದಿನ ಊಹಿಸಿಕೊಳ್ಳಿ. ಬೆಳಗ್ಗೆ ರೈತ ಬಂದು ಕೂತಿದ್ದಾನೆ. ಕೈಯಲ್ಲಿ ಹೊಲದ ಉತಾರ, ಮೇಲೊಂದು ನೋಟಿಸು. ‘ಸಾಹೇಬ್ರ, ಇದರಾಗ ಏನ್ ಬರದಾರ ಒಂದೀಟು ಓದಿ ಹೇಳ್ರಿ.’ ವಕೀಲರ ದಿನದ ಮೊದಲ ಕೆಲಸ ವಾದ ಮಾಡೋದಲ್ಲ, ಓದಿ ಹೇಳೋದು. ಮಧ್ಯಾಹ್ನ ಕೋರ್ಟು. ಸಂಜೆ ಸಂಘದ ಸಭೆ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಸರ್ಕಾರಕ್ಕೆ ಮನವಿ. ಹಗಲು ಒಬ್ಬ ರೈತನ ಅರ್ಜಿ, ರಾತ್ರಿ ಇಡೀ ನಾಡಿನ ಅರ್ಜಿ. ಇದೇ ಅಭ್ಯಾಸ ಅವರನ್ನು ರಾಜಕಾರಣಕ್ಕೆ ತಂತು.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಕಾನೂನು ಒಂದಾಯಿತಾ? ಇಲ್ಲ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು, ಹೀಗೆ ಐದು ಕಡೆಯ ಕಾಯ್ದೆಗಳು ಹಾಗೇ ಉಳಿದವು. ರಾಣೆಬೆನ್ನೂರಿನ ಗೇಣಿದಾರನಿಗೆ 1948ರ ಮುಂಬಯಿ ಗೇಣಿ ಕಾಯ್ದೆ, ಹೊಳೆಯಾಚೆ ಹರಿಹರದವನಿಗೆ ಮೈಸೂರಿನ ಕಾಯ್ದೆ. ಇಡೀ ರಾಜ್ಯಕ್ಕೊಂದು ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಹೈಕೋರ್ಟು ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು, ಧಾರವಾಡಕ್ಕೆ ಸಂಚಾರಿ ಪೀಠ ಬರೋ ಹೊತ್ತಿಗೆ 2008. ಅದು ಕಾಯಂ ಆದದ್ದು 2013ರಲ್ಲಿ. ನಕ್ಷೆ ಒಂದೇ ದಿನದಲ್ಲಿ ಬದಲಾಯಿತು, ಕೋರ್ಟು ಹತ್ತಿರ ಬರೋದಕ್ಕೆ ಅರ್ಧ ಶತಮಾನ ಬೇಕಾಯಿತು.

ಇದು ಒಳಗೆ ಬಂದವರ ಕಥೆ. ಹೊರಗೆ ಉಳಿದವರದು? ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಸರಗೋಡು ಅದೇ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಲ್ಲಿಯ ವಕೀಲ ಕಳ್ಳಿಗೆ ಮಹಾಬಲ ಭಂಡಾರಿಯವರು 1960 ಮತ್ತು 1967ರ ಚುನಾವಣೆಗಳಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ಗೆದ್ದರು. ಅವರ ಸ್ಥಿತಿ ಯೋಚನೆ ಮಾಡಿ. ನನ್ನ ಊರನ್ನು ಕರ್ನಾಟಕಕ್ಕೆ ಸೇರಿಸಿ ಅಂತ ವೋಟು ಕೇಳಬೇಕು, ಗೆದ್ದು ಹೋಗಿ ಕೂರಬೇಕಾದ್ದು ತಿರುವನಂತಪುರದ ಸಭೆಯಲ್ಲಿ. ಯಾವ ರಾಜ್ಯ ಬಿಡಬೇಕು ಅಂತೀರೋ ಅದೇ ರಾಜ್ಯದ ಸರ್ಕಾರದಿಂದ ನಿಮ್ಮ ಜನಕ್ಕೆ ರಸ್ತೆ, ಶಾಲೆ ತರಬೇಕು. ಗಡಿಯ ರಾಜಕಾರಣಿಯ ದಿನ ಅಂದ್ರೆ ಇದೇ.

ಕೇಂದ್ರ ಸರ್ಕಾರ 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ. ನಿಪ್ಪಾಣಿ, ಖಾನಾಪುರದ ಕಡೆಯ ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ. ಅಕ್ಕಲಕೋಟೆ, ಜತ್ತದ ಹಳ್ಳಿಗಳೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಕರ್ನಾಟಕಕ್ಕೆ ಬರಲಿ. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಮತ್ತು ಕೇರಳ ಒಪ್ಪಲಿಲ್ಲ. ವರದಿ ಇವತ್ತಿಗೂ ಜಾರಿಯಾಗಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ಗಡಿ ಬದಲಿಸೋರು ಯಾರು? ಸಂವಿಧಾನದ 3ನೇ ವಿಧಿ ಓದಿ. ಆ ಅಧಿಕಾರ ಸಂಸತ್ತಿಗೆ. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಬರಬೇಕು, ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಬೇಕು. ಕೇಳಬೇಕು ಅಷ್ಟೇ, ಒಪ್ಪಲೇಬೇಕು ಅಂತಿಲ್ಲ. 2022ರ ಡಿಸೆಂಬರ್ 22ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಒಂದಿಂಚೂ ಬಿಡೆವು ಅಂತ ನಿರ್ಣಯವಾಯಿತು. ಐದು ದಿನಕ್ಕೆ ನಾಗಪುರದಲ್ಲಿ ಅವರದೂ ಒಂದು ನಿರ್ಣಯ. ಎರಡನ್ನೂ ನಾವು ಬ್ರೇಕಿಂಗ್ ನ್ಯೂಸ್ ಮಾಡಿದೆವು. ಎರಡರಿಂದಲೂ ಒಂದು ಗಡಿಕಲ್ಲು ಅಲುಗಾಡಲಿಲ್ಲ.

ಆದರೆ ಅದೇ ಸಂವಿಧಾನದಲ್ಲಿ ಇವತ್ತೇ ಬಳಸಬಹುದಾದ ಮೂರು ವಿಧಿಗಳಿವೆ. 350: ನಿಮ್ಮ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಕೊಡಬಹುದು. 350ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕೊಡಲು ರಾಜ್ಯ ಪ್ರಯತ್ನಿಸಬೇಕು. 350ಬಿ: ಇದೆಲ್ಲ ನಡೀತಿದೆಯಾ ಅಂತ ನೋಡಿ ವರದಿ ಕೊಡಲು ಒಬ್ಬ ವಿಶೇಷ ಅಧಿಕಾರಿ. ಕೊನೆಯ ಎರಡು ಬಂದದ್ದು 1956ರ ಏಳನೇ ತಿದ್ದುಪಡಿಯಿಂದ. ಗಡಿ ಎಲ್ಲಿ ಎಳೆದರೂ ಒಂದಷ್ಟು ಜನ ಆಚೆ ಉಳಿದೇ ಉಳೀತಾರೆ ಅಂತ ಗೊತ್ತಿದ್ದವರೇ ಅದನ್ನು ಸೇರಿಸಿದ್ದು.

ಇಲ್ಲೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಜತ್ತದ ಕನ್ನಡ ಮಗುವಿಗೆ ರಕ್ಷಣೆ ಕೊಡೋ 350ಎ ವಿಧಿಯೇ ನಿಪ್ಪಾಣಿಯ ಮರಾಠಿ ಮಗುವಿಗೂ ಕೊಡುತ್ತೆ. ಇಲ್ಲಿ ಅದನ್ನು ತುಳಿದು ಅಲ್ಲಿ ಕೇಳೋಕೆ ಬರಲ್ಲ. ಇಲ್ಲಿ ಸರಿಯಾಗಿ ನಡೆದುಕೊಂಡರೆ ಅಲ್ಲಿ ಕೇಳೋ ನಮ್ಮ ದನಿಗೆ ತೂಕ ಬರುತ್ತೆ.

ಮುಂದಿನ ಸಲ ಗಡಿ ವಿಚಾರ ಎದ್ದಾಗ ಸ್ಟುಡಿಯೋಗೆ ಬಂದವರನ್ನು ನಾನು ಕೇಳೋ ಮೊದಲ ಪ್ರಶ್ನೆ ಬೇರೆ: ‘ಸಾರ್, ಈ ವರ್ಷ ಗಡಿಯಾಚೆಯ ಎಷ್ಟು ಕನ್ನಡ ಶಾಲೆಗೆ ಹೋಗಿದ್ರಿ? ಮೇಷ್ಟ್ರು ಇದ್ರಾ? ಇಲ್ಲ ಅಂದ್ರೆ ಯಾರಿಗೆ ಅರ್ಜಿ ಬರೆದ್ರಿ? ಅದರ ನಕಲು ಇದೆಯಾ?’ ನಿಮ್ಮೂರಿಗೆ ವೋಟು ಕೇಳೋಕೆ ಬಂದವರನ್ನು ನೀವೂ ಇದನ್ನೇ ಕೇಳಿ. ನಕಲು ತೋರಿಸಿದವರ ಮಾತು ಪೂರ್ತಿ ಕೇಳೋಣ.