ಥೈರಾಯ್ಡ್ ಬಂದರೆ ಸಜ್ಜೆ ರೊಟ್ಟಿ ಬಿಡಬೇಕೇ?

“ನನಗ ಥೈರಾಯ್ಡ್ ಐತ್ರಿ” ಎನ್ನುವ ಮಾತು ಈಗ ಹಳ್ಳಿಗಳಲ್ಲೂ ಸಾಮಾನ್ಯ. ನಿಜ ಹೇಳಬೇಕೆಂದರೆ ಥೈರಾಯ್ಡ್ ಎಲ್ಲರಿಗೂ ಇದೆ. ಅದು ರೋಗದ ಹೆಸರಲ್ಲ. ಕುತ್ತಿಗೆಯ ಮುಂದುಗಡೆ, ಗಂಟಲ ಉಬ್ಬಿನ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತಂತೆ ಇರುವ ಒಂದು ಗ್ರಂಥಿ. ದೊಡ್ಡವರಲ್ಲಿ ಅದರ ತೂಕ ಸುಮಾರು 20 ಗ್ರಾಂ, ಅಷ್ಟೇ. ಅದು ಕೆಟ್ಟಾಗ ಬರುವ ತೊಂದರೆಗೆ ಜನ ಗ್ರಂಥಿಯ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು. ಪೇಟೆಯವರು ಸಜ್ಜೆ, ನವಣೆ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. ಅದರ ಹಿಂದೆಯೇ ಇನ್ನೊಂದು ಮಾತೂ ಹಬ್ಬಿತು: ಥೈರಾಯ್ಡ್ ಇದ್ದವರು ಇವನ್ನು ಮುಟ್ಟಬಾರದು. ನನ್ನ ಸೊಸೆಗೆ ಈ ತೊಂದರೆ ಇದೆ. ಪಕ್ಕದ ಮನೆಯ ಅಜ್ಜಿ ಅವಳಿಗೆ “ಸಜ್ಜಿ ರೊಟ್ಟಿ ತಿಂದೇ ಬಂದೈತವ್ವಾ, ಮೊದ್ಲ ಅದನ್ನ ಬಿಡು. ಆ ಗುಳಿಗಿನೂ ಬಿಡು, ಚಟಾ ಆಕ್ಕೈತಿ” ಎಂದು ಬುದ್ಧಿ ಹೇಳಿದರು. ಆಗ ಸೊಸೆ ಎರಡು ತಿಂಗಳ ಬಸುರಿ. ಬೆಳೆಯುವ ನಮಗೂ ಉಣ್ಣುವ ನಮ್ಮ ಮನೆಯವರಿಗೂ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಗೊತ್ತಿರಬೇಕು. ಮನುಷ್ಯರ ಡಾಕ್ಟರರನ್ನೂ ದನದ ಡಾಕ್ಟರರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಗ್ರಂಥಿಯ ಕೆಲಸ

ನಾವು ತಿಂದದ್ದನ್ನು ಮೈ ಎಷ್ಟು ವೇಗದಲ್ಲಿ ಉರಿಸಬೇಕು ಎಂದು ನಿರ್ಧರಿಸುವುದು ಈ ಗ್ರಂಥಿಯ ಹಾರ್ಮೋನು. ಎದೆಬಡಿತ, ಮೈಶಾಖ, ಹೊಟ್ಟೆಯ ಚಲನೆ, ಹೆಂಗಸರ ಮುಟ್ಟು, ಮಕ್ಕಳ ಬೆಳವಣಿಗೆ, ಬುದ್ಧಿ ಎಲ್ಲದರ ಮೇಲೂ ಇದರ ಹಿಡಿತ ಉಂಟು. ಟಿ-4, ಟಿ-3 ಎಂಬ ಎರಡು ಬಗೆಯ ಹಾರ್ಮೋನು. ಎರಡಕ್ಕೂ ಅಯೋಡಿನ್ ಬೇಕೇ ಬೇಕು.

ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಇನ್ನೊಂದು ಗ್ರಂಥಿ. ಅದು ಕಳಿಸುವ ಹುಕುಂ ಟಿಎಸ್‌ಎಚ್. ರಕ್ತಪರೀಕ್ಷೆಯ ಚೀಟಿಯಲ್ಲಿ ಟಿಎಸ್‌ಎಚ್ ಹೆಚ್ಚು ಎಂದು ಬಂದರೆ ಗ್ರಂಥಿ ಜೋರಾಗಿದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಸಾಮಾನ್ಯವಾಗಿ ಅರ್ಥ ಉಲ್ಟಾ. ಎತ್ತು ಸೋತಷ್ಟೂ ಗಳೆ ಹೊಡೆಯುವವನ ಬಾರುಕೋಲು ಜಾಸ್ತಿ ಏಳುತ್ತದಲ್ಲ, ಹಾಗೆ. ಗ್ರಂಥಿ ಸೋತರೆ ಟಿಎಸ್‌ಎಚ್ ಏರುತ್ತದೆ, ಗ್ರಂಥಿ ಹದ್ದು ಮೀರಿ ಓಡಿದರೆ ಇಳಿಯುತ್ತದೆ.

ನಿಧಾನವಾದರೆ, ಜೋರಾದರೆ

ಗ್ರಂಥಿ ನಿಧಾನವಾದಾಗ ಮೈಯೆಲ್ಲ ನಿಧಾನ. ಎಷ್ಟು ಮಲಗಿದರೂ ದಣಿವು ಹೋಗದು. ಊಟ ಕಡಿಮೆಯಾದರೂ ತೂಕ ಏರುತ್ತದೆ. ಉಳಿದವರಿಗೆ ಇಲ್ಲದ ಚಳಿ, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ದನಿ ದಪ್ಪವಾಗುವುದು, ಮರೆವು, ಬೇಸರ. ಹೆಂಗಸರಿಗೆ ಮುಟ್ಟಿನಲ್ಲಿ ಹೆಚ್ಚು ಸ್ರಾವ, ಬಸಿರು ನಿಲ್ಲದಿರುವುದು. ಇವೆಲ್ಲ ಒಂದೇ ದಿನ ಬರುವುದಿಲ್ಲ, ವರ್ಷಗಟ್ಟಲೆ ಮೆಲ್ಲಗೆ ಏರುತ್ತವೆ. ಹಾಗಾಗಿ ಮನೆಯವರು ಸೋಮಾರಿತನ ಅನ್ನುತ್ತಾರೆ, ಡಾಕ್ಟರು ರಕ್ತ ಕಡಿಮೆ ಅನ್ನುತ್ತಾರೆ. ಸೊಸೆಗೆ ತಾಲೂಕಿನ ಒಂದು ದವಾಖಾನೆಯಲ್ಲಿ ಒಂದು ವರ್ಷ ಬರೀ ಟಾನಿಕ್ ಕೊಟ್ಟರು. ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 40 ದಾಟಿತ್ತು. ದೊಡ್ಡವರಲ್ಲಿ ಅದು ಸುಮಾರು 4ರ ಒಳಗಿರಬೇಕು.

ಜೋರಾದಾಗ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಉಂಡರೂ ಮೈ ಇಳಿಯುತ್ತದೆ. ಎದೆ ಡವಡವ, ಕೈ ನಡುಕ, ಬೆವರು, ಸೆಕೆ ತಡೆಯದಿರುವುದು, ಭೇದಿ, ನಿದ್ದೆಗೇಡು, ಸಿಡುಕು. ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುತ್ತದೆ. ಇದಕ್ಕೆ ಬೇರೆ ಮಾತ್ರೆ, ವಿಕಿರಣ ಅಯೋಡಿನ್, ಶಸ್ತ್ರಚಿಕಿತ್ಸೆ ಎಂದು ಮೂರು ದಾರಿ. ಹಾಗೇ ಬಿಟ್ಟರೆ ಹೃದಯಕ್ಕೆ ಪೆಟ್ಟು.

ಎರಡೂ ಬಗೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಕುತ್ತಿಗೆಯ ಗಂಟೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ನಿರುಪದ್ರವಿ. ಆದರೆ ಗಂಟು ಬೇಗ ಬೆಳೆದರೆ, ಕಲ್ಲಿನಂತೆ ಗಟ್ಟಿಯಿದ್ದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ ತಡಮಾಡದೆ ತೋರಿಸಬೇಕು.

ಕಾರಣ ಏನು?

ಹಿಂದೆ ದೊಡ್ಡ ಕಾರಣ ಅಯೋಡಿನ್ ಕೊರತೆ. ಮಳೆ, ಪ್ರವಾಹಕ್ಕೆ ಮೇಲ್ಮಣ್ಣಿನ ಅಯೋಡಿನ್ ತೊಳೆದು ಸಮುದ್ರ ಸೇರುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲೂ ಇಲ್ಲ, ಉಣ್ಣುವವನಲ್ಲೂ ಇಲ್ಲ. ಕಚ್ಚಾಮಾಲಿಲ್ಲದ ಗ್ರಂಥಿ ಹುಕುಂ ತಾಳಲಾರದೆ ಊದಿಕೊಳ್ಳುತ್ತದೆ. ಅದೇ ಗಳಗಂಡ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಒಂದು ಭಾಗದ ಜನರಿಗೆ ಸಾದಾ ಉಪ್ಪು, ಉಳಿದ ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದರು. ಅಯೋಡಿನ್ ಉಪ್ಪು ಉಂಡ ಕಡೆ ಗಳಗಂಡ ಚೆನ್ನಾಗಿ ಇಳಿಯಿತು. 1962ರಲ್ಲಿ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು.

ಅಯೋಡಿನ್ ಉಪ್ಪು ಮನೆಮನೆಗೆ ಬಂದ ಮೇಲೆ ನಿಧಾನ ಬಗೆಗೆ ಮುಖ್ಯ ಕಾರಣ ಬೇರೆ. ರೋಗದಿಂದ ಕಾಯಬೇಕಾದ ಮೈಯ ಪಹರೆಯವರೇ ಗ್ರಂಥಿಯನ್ನು ಶತ್ರುವೆಂದು ತಿಳಿದು ಹಾಳುಗೆಡವುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 1912ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ಡಾಕ್ಟರ್ ಹಾಶಿಮೊಟೊ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಕೆಲವು ಮನೆತನಗಳಲ್ಲಿ ಇದು ಹರಿದು ಬರುತ್ತದೆ. ಸೊಸೆಯದ್ದು ಈ ಬಗೆ. ಇದು ಹೆಚ್ಚು ಉಪ್ಪು ತಿಂದರೆ ವಾಸಿಯಾಗುವುದಿಲ್ಲ, ರೊಟ್ಟಿ ಬಿಟ್ಟರೂ ವಾಸಿಯಾಗುವುದಿಲ್ಲ.

ಸುಬಾಬುಲ್ ಹೇಳುವ ಪಾಠ

ಹಾಗಾದರೆ ಸಜ್ಜೆಯ ಮಾತು ಪೂರಾ ಸುಳ್ಳೇ? ಅಲ್ಲ. ಕೆಲವು ಆಹಾರಗಳಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡ ಬರುವ ವಸ್ತು ಇರುತ್ತದೆ. ದನ ಸಾಕಿದವರಿಗೆ ಇದು ಸುಬಾಬುಲ್‌ನಿಂದ ಗೊತ್ತು. ಅದೊಂದನ್ನೇ ಮೇಯಿಸಿದರೆ ಕೂದಲು ಉದುರಿ, ಜೊಲ್ಲು ಸುರಿದು, ಕುತ್ತಿಗೆ ಬಾತು ದನ ಸೊರಗುತ್ತದೆ. ಅದರಲ್ಲಿರುವ ಮಿಮೋಸಿನ್ ಹೊಟ್ಟೆಯಲ್ಲಿ ಬದಲಾಗಿ ಥೈರಾಯ್ಡಿಗೆ ಅಡ್ಡ ಬರುತ್ತದೆ. ಹವಾಯಿ ದ್ವೀಪದ ಆಡುಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಆ ವಿಷವನ್ನು ಮುರಿಯುವ ಸೂಕ್ಷ್ಮಜೀವಿ ಅವುಗಳ ಹೊಟ್ಟೆಯಲ್ಲಿದೆ ಎಂದು ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್ ಕಂಡುಕೊಂಡರು. ಹಾಗೆಂದು ನಾವು ಸುಬಾಬುಲ್ ಕಡಿದು ಹಾಕಲಿಲ್ಲ. ಮೇವಿನಲ್ಲಿ ಮೂರರಲ್ಲಿ ಒಂದು ಪಾಲು ಮೀರದಂತೆ, ಕಣಿಕೆ, ಹುಲ್ಲಿನ ಜೊತೆ ಬೆರೆಸಿ ಹಾಕುತ್ತೇವೆ.

ಸಜ್ಜೆಯದ್ದೂ ಅಂಥದೇ ಲೆಕ್ಕ. ಆಫ್ರಿಕದ ಸುಡಾನ್ ದೇಶದ ಡಾರ್ಫುರ್ ಸೀಮೆಯಲ್ಲಿ ಸಜ್ಜೆಯೇ ಮುಖ್ಯ ಊಟ, ಗಳಗಂಡವೂ ಹೆಚ್ಚು. ಸಜ್ಜೆಯಲ್ಲಿರುವ, ಹೊಟ್ಟಿನಲ್ಲಿ ಹೆಚ್ಚಾಗಿರುವ ಕೆಲವು ಫ್ಲೇವೋನ್ ವಸ್ತುಗಳು ಗ್ರಂಥಿಯ ಕೆಲಸ ತಡೆಯುತ್ತವೆ ಎಂದು 1989ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಆದರೆ ಅಲ್ಲಿ ಅಯೋಡಿನ್ ಕೊರತೆಯೂ ಇತ್ತು, ಊಟದಲ್ಲಿ ಬೇರೆ ಧಾನ್ಯವೂ ಕಡಿಮೆ. ನಮ್ಮಲ್ಲಿ ಸಜ್ಜೆಯ ಜೊತೆ ಜೋಳ, ಬೇಳೆ, ಕಾಳು, ಮಜ್ಜಿಗೆ ಉಂಟು, ಅಡುಗೆಗೆ ಅಯೋಡಿನ್ ಉಪ್ಪು ಉಂಟು. ಇಂಥ ಮಿಶ್ರ ಊಟದಲ್ಲಿ ವಾರದಲ್ಲಿ ನಾಲ್ಕು ದಿನ ಸಜ್ಜೆ ರೊಟ್ಟಿ ತಿಂದರೆ ಹೆದರಬೇಕಿಲ್ಲ. ಮೂರು ಹೊತ್ತೂ, ವರ್ಷವಿಡೀ ಅದೊಂದೇ ಬೇಡ. ಎಲೆಕೋಸು ಕೂಡ ಇದೇ ಜಾತಿ, ಬೇಯಿಸಿದರೆ ಅದರ ಕಾಟ ಇಳಿಯುತ್ತದೆ.

ಇನ್ನೊಂದು ಮಾತು. ಸಜ್ಜೆ ಮುಖ್ಯವಾಗಿ ತಡೆಯುವುದು ಗ್ರಂಥಿಯೊಳಗಿನ ತಯಾರಿಯನ್ನು. ಮಾತ್ರೆಯಲ್ಲಿ ತಯಾರಾದ ಹಾರ್ಮೋನೇ ಇರುತ್ತದೆ. ಸರಿಯಾಗಿ ಮಾತ್ರೆ ನುಂಗುವವರು ರೊಟ್ಟಿಗೆ ಹೆದರುವುದರಲ್ಲಿ ಅರ್ಥವಿಲ್ಲ.

ಉಪ್ಪು

ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಬಸುರಿ ಬಾಣಂತಿಯರಿಗೆ 250. ಮನೆಗೆ ಬಂದ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು. ಅಂದರೆ 10 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ. ಹಾಲು, ಮೊಟ್ಟೆ, ಮೀನಿನಿಂದಲೂ ಸ್ವಲ್ಪ ಸಿಗುತ್ತದೆ. ಆದ್ದರಿಂದ ಉಪ್ಪು ಹೆಚ್ಚು ತಿನ್ನಬೇಕಿಲ್ಲ, ಸರಿಯಾದ ಉಪ್ಪು ತಿಂದರೆ ಸಾಕು. ದನಕ್ಕೆಂದು ತಂದ ಹರಳುಪ್ಪು, ಅಂಗಡಿಯ ಸೈಂಧವ ಉಪ್ಪಿಗೆ ಅಯೋಡಿನ್ ಬೆರೆಸಿರುವುದಿಲ್ಲ. ಚೀಟಿ ಓದಿ ಕೊಳ್ಳಿರಿ. ಮುಚ್ಚಳ ಹಾಕಿ, ಒಲೆ ಮತ್ತು ತೇವದಿಂದ ದೂರ ಇಡಿರಿ. ಬಿಸಿಗೆ ಅಯೋಡಿನ್ ಹಾರುವುದರಿಂದ ಅಡುಗೆಯ ಕೊನೆಗೆ ಹಾಕುವುದು ಒಳ್ಳೆಯದು.

ಕುರಿ, ಆಡುಗಳ ಮರಿ ಕುತ್ತಿಗೆ ಬಾತು, ಕೂದಲಿಲ್ಲದೆ, ಸತ್ತು ಹುಟ್ಟಿದರೆ ತಾಯಿಗೆ ಅಯೋಡಿನ್ ಕೊರತೆ ಇರಬಹುದು. ಪಶುವೈದ್ಯರಿಗೆ ತೋರಿಸಿ ಖನಿಜ ಮಿಶ್ರಣ ಕೊಡಬೇಕು.

ಮಾತ್ರೆ ಚಟವಲ್ಲ

ನಿಧಾನ ಬಗೆಗೆ ಕೊಡುವ ಥೈರಾಕ್ಸಿನ್ ಮಾತ್ರೆ ಅಮಲಿನ ಔಷಧವಲ್ಲ. ಗ್ರಂಥಿ ಕೊಡಬೇಕಾದದ್ದನ್ನು ಹೊರಗಿನಿಂದ ಕೊಡುವುದು, ಅಷ್ಟೇ. ಬತ್ತಿದ ಬಾವಿಗೆ ಟ್ಯಾಂಕರ್ ನೀರು ಇದ್ದಂತೆ. ಟ್ಯಾಂಕರ್ ಬಂದದ್ದಕ್ಕೆ ಬಾವಿ ಬತ್ತಲಿಲ್ಲ.

- ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಚಹಾ, ತಿಂಡಿ ಅರ್ಧದಿಂದ ಒಂದು ತಾಸು ಬಿಟ್ಟು.
- ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಇದನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಾಲ್ಕು ತಾಸು ಅಂತರ ಬೇಕು. ಬಸುರಿಯರಿಗೆ ಅಂಗನವಾಡಿ, ಆಸ್ಪತ್ರೆಯಿಂದ ಇವೇ ಗುಳಿಗೆ ಬರುವುದರಿಂದ ಇದನ್ನು ಮರೆಯಬಾರದು.
- ಪ್ರಮಾಣ ಬದಲಿಸಿದ 6–8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಆರಾಮಾಯಿತೆಂದು ತಾವೇ ನಿಲ್ಲಿಸಬಾರದು.

ಬಸುರಿಯರ ವಿಷಯ ಎಲ್ಲಕ್ಕಿಂತ ದೊಡ್ಡದು. ಮೊದಲ ತಿಂಗಳುಗಳಲ್ಲಿ ಕೂಸಿಗೆ ತನ್ನ ಹಾರ್ಮೋನು ಇರುವುದಿಲ್ಲ, ತಾಯಿಯದೇ ಆಧಾರ. ಕೂಸಿನ ಮೆದುಳು ಕಟ್ಟುವ ಕಾಲವೂ ಅದೇ. ಆಗ ಮಾತ್ರೆ ನಿಲ್ಲಿಸುವುದಲ್ಲ, ಬಹಳ ಮಂದಿಗೆ ಹೆಚ್ಚಿಸಬೇಕಾಗುತ್ತದೆ. ಸೊಸೆಗೂ ಡಾಕ್ಟರು ಹೆಚ್ಚಿಸಿದರು. “ಸಜ್ಜಿ ರೊಟ್ಟಿ ತಿನ್ರಿ, ಗುಳಿಗಿ ಮಾತ್ರ ಒಂದು ದಿನಾನೂ ತಪ್ಪಸಬ್ಯಾಡ್ರಿ” ಎಂದರು. ಅವಳು ಎರಡನ್ನೂ ಪಾಲಿಸಿದಳು.

ಕೆಲವು ಕೂಸುಗಳು ಗ್ರಂಥಿಯ ದೋಷದಿಂದಲೇ ಹುಟ್ಟುತ್ತವೆ. ಹುಟ್ಟಿದಾಗ ನೋಡಲು ಏನೂ ತಿಳಿಯುವುದಿಲ್ಲ. ಮೂರರಿಂದ ಐದನೇ ದಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಗೊತ್ತಾಗುತ್ತದೆ. ಎರಡು ವಾರದೊಳಗೆ ಔಷಧ ಶುರುವಾದರೆ ಬುದ್ಧಿ ಉಳಿಯುತ್ತದೆ, ತಡವಾದರೆ ಹೋದ ಬುದ್ಧಿ ಮರಳುವುದಿಲ್ಲ. ಎಲ್ಲ ಆಸ್ಪತ್ರೆಗಳಲ್ಲಿ ತಾವಾಗಿಯೇ ಮಾಡುವುದಿಲ್ಲ. ಹೆರಿಗೆಗೆ ಹೋದಾಗ ಹಿರಿಯರಾದ ನಾವೇ ಕೇಳಿ ಮಾಡಿಸಬೇಕು.